ಸರ್ಕಾರಿ ಬಾಕಿ ವಸೂಲಿಯ ಕಚೇರಿಯಲ್ಲಿ ಕಾನೂನು ಸಹಾಯಕರ ಕೆಲಸ ಸಿಕ್ಕಿದೆ, ಸೇರಬಹುದೇ?

ಎಲ್‌ಎಲ್‌ಬಿ ಮುಗಿಸಿದ್ದೀರಿ, ತೆರಿಗೆ ಬಾಕಿ ವಸೂಲಿ ಮಾಡುವ ಕಚೇರಿಯಲ್ಲಿ ಕರಾರಿನ ಮೇಲೆ ಕರೆದಿದ್ದಾರೆ, ಆದರೆ ಅದು "ನೋಟಿಸ್ ಟೈಪ್ ಮಾಡುವ ಗುಮಾಸ್ತಿಕೆ", ಅದರ ಬದಲು ಸಿವಿಲ್ ವಕೀಲರ ಹತ್ತಿರ ಜೂನಿಯರ್ ಆಗಲೇ ಅಂತ ಕೇಳಿದ್ದೀರಿ. ಆ ಗುಮಾಸ್ತಿಕೆ ಅನ್ನುವ ಪದವನ್ನು ನಾನೂ ಬಾಯಲ್ಲಿಟ್ಟುಕೊಂಡೇ ಒಳಗೆ ಹೋಗಿದ್ದೆ. ಅದರ ಬೆಲೆ ಒಂದು ಹರಾಜು. ಯಾವ ಊರು, ಯಾವ ಕಚೇರಿ ಅಂತ ಬರೆಯುವುದಿಲ್ಲ. ತಪ್ಪು ನನ್ನದೇ ಆಗಿದ್ದರಿಂದ ಅದು ಬೇಕಾಗಿಯೂ ಇಲ್ಲ.

ಮೊದಲು ಕೆಲಸದ ಹಾದಿ ಗೊತ್ತಿರಲಿ. ಆದಾಯ ತೆರಿಗೆ ಬಾಕಿ ಕಟ್ಟದವರ ಹೆಸರಿನಲ್ಲಿ ಟ್ಯಾಕ್ಸ್ ರಿಕವರಿ ಆಫೀಸರ್, ಅಂದರೆ ಟಿಆರ್‌ಒ, ಬಾಕಿ ಇಷ್ಟು ಅಂತ ಒಂದು ಸರ್ಟಿಫಿಕೇಟ್ ಬರೆಯುತ್ತಾರೆ. ಅಲ್ಲಿಂದ ಮುಂದಿನದೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ. ಬ್ಯಾಂಕ್ ಸಾಲ ವಸೂಲಿಯ ನ್ಯಾಯಮಂಡಳಿ, ಅಂದರೆ ಡಿಆರ್‌ಟಿಯಲ್ಲಿ ರಿಕವರಿ ಆಫೀಸರ್‌ಗಳು ಕೈಯಲ್ಲಿ ಹಿಡಿಯುವುದೂ ಇದೇ ಅನುಸೂಚಿಯನ್ನ. ಅದನ್ನ ಒಂದು ಸಲ ಅರೆದು ಕುಡಿದರೆ ಎರಡು ಕಡೆ ಕೆಲಸಕ್ಕೆ ಬರುತ್ತೆ. ರೂಲ್ 2ರ ಕೆಳಗೆ ಬಾಕಿದಾರನಿಗೆ ಐಟಿಸಿಪಿ-1 ಅನ್ನುವ ನೋಟಿಸ್ ಹೋಗಬೇಕು: ನೋಟಿಸ್ ಜಾರಿಯಾದ ದಿನದಿಂದ 15 ದಿನದೊಳಗೆ ಹಣ ಕಟ್ಟಿ, ಇಲ್ಲದಿದ್ದರೆ ವಸೂಲಿ ಶುರು. ಆ 15 ದಿನ ಕಳೆಯುವ ತನಕ ಬೇರೆ ಹೆಜ್ಜೆ ಇಡುವ ಹಾಗಿಲ್ಲ. ಚರಾಸ್ತಿ ಬಚ್ಚಿಡುತ್ತಾರೆ, ಸಾಗಿಸುತ್ತಾರೆ ಅಂತ ಕಾರಣ ಬರೆದಿಟ್ಟು ಮುಂಚೆ ಜಪ್ತಿ ಮಾಡುವುದೊಂದೇ ಇದಕ್ಕೆ ವಿನಾಯಿತಿ.

ನಮ್ಮ ಫೈಲಿನ ಬಾಕಿದಾರ ತಾಲ್ಲೂಕು ಕೇಂದ್ರದ ಒಬ್ಬ ವ್ಯಾಪಾರಿ. ಬಾಕಿ ಸುಮಾರು 40 ಲಕ್ಷ. ಊರ ಹೊರಗೆ ಅವರ ಹೆಸರಿನಲ್ಲಿ 2 ಎಕರೆ ಚಿಲ್ಲರೆ ಜಮೀನು. ಐಟಿಸಿಪಿ-1 ಅನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದರು, ಲಕೋಟೆ ವಾಪಸ್ ಬಂದಿತ್ತು. ಅಡ್ಡಡ್ಡ ಕೆಂಪು ಶಾಯಿಯಲ್ಲಿ ಪೋಸ್ಟ್‌ಮ್ಯಾನ್ ಬರೆದಿದ್ದು: "ಲೆಫ್ಟ್". ಆಮೇಲೆ ಯಾರೋ ಅವರ ಹೊಸ ವಿಳಾಸ ಪತ್ತೆ ಮಾಡಿ, ಅಲ್ಲಿಗೊಂದು ಪತ್ರ ಕಳಿಸಿದ್ದರು. ಅದೂ ವಾಪಸ್. ಅದರ ಮೇಲೆ: "ರಿಫ್ಯೂಸ್ಡ್". ಎರಡೂ ಲಕೋಟೆ ಒಂದೇ ಟ್ಯಾಗಿಗೆ ಪೋಣಿಸಿ ಫೈಲಿನಲ್ಲಿದ್ದವು. ನನ್ನ ಕೆಲಸ ಜಾರಿ ವಿವರದ ಹಾಳೆ ತುಂಬುವುದು. "ಐಟಿಸಿಪಿ-1: ಬಾಕಿದಾರರು ನಿರಾಕರಿಸಿದ್ದಾರೆ, ಲಕೋಟೆ ಲಗತ್ತು" ಅಂತ ಬರೆದು ಎರಡನೇ ಲಕೋಟೆಯ ಮೇಲಿನ ತಾರೀಖು ಹಾಕಿದೆ. ಎರಡು ನಿಮಿಷ ಹಿಡಿದಿರಬಹುದು.

ಇದಾದ ಆರು ವಾರಕ್ಕೆ ಅವರು ಜಮೀನನ್ನು ಮಗನ ಹೆಸರಿಗೆ ದಾನಪತ್ರ ಮಾಡಿದರು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದಾಗ ಫಾರಂ 15ರಲ್ಲಿ ದಾನಪತ್ರ ಎದ್ದು ಕಾಣುತ್ತಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಯಾಕೆಂದರೆ ರೂಲ್ 16: ಐಟಿಸಿಪಿ-1 ಜಾರಿಯಾದ ಮೇಲೆ ಬಾಕಿದಾರ ಟಿಆರ್‌ಒ ಅನುಮತಿ ಇಲ್ಲದೆ ತನ್ನ ಆಸ್ತಿಯನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, ಕೊಡುವಂತಿಲ್ಲ. ರೂಲ್ 51: ಸ್ಥಿರಾಸ್ತಿ ಜಪ್ತಿ ಯಾವತ್ತೇ ಆಗಲಿ, ಅದರ ಬಲ ಹಿಂದಕ್ಕೆ ಹೋಗಿ ನೋಟಿಸ್ ಜಾರಿಯಾದ ದಿನದಿಂದಲೇ ಹಿಡಿಯುತ್ತೆ. ದಾನಪತ್ರ ನೋಟಿಸಿನ ನಂತರದ್ದು, ಹಾಗಾಗಿ ಲೆಕ್ಕಕ್ಕಿಲ್ಲ. ಟಿಪ್ಪಣಿಯಲ್ಲಿ ಹಾಗೇ ಬರೆದೆ, ಸಾಹೇಬರು ಸಹಿ ಹಾಕಿದರು. ಜಪ್ತಿ ಆದೇಶ ಹೋಯಿತು, ಊರಲ್ಲಿ ತಮಟೆ ಬಾರಿಸಿ ಸಾರಿದ್ದಾಯಿತು, ಹರಾಜೂ ಆಯಿತು. ಹರಾಜು ಹಿಡಿದವರು 25% ಅವತ್ತೇ, ಉಳಿದದ್ದನ್ನು 15 ದಿನದೊಳಗೆ ಕಟ್ಟಿದರು.

ಹರಾಜಾದ 29ನೇ ದಿನ ಮಗನ ಅರ್ಜಿ ಬಂತು, ಹರಾಜು ರದ್ದು ಮಾಡಿ ಅಂತ, ರೂಲ್ 61ರ ಕೆಳಗೆ. 30 ದಿನದ ಗಡುವು ಅದಕ್ಕೆ. ಬಾಕಿದಾರನೇ ಈ ಅರ್ಜಿ ಹಾಕಬೇಕೆಂದರೆ ಬಾಕಿ ಮೊತ್ತ ಠೇವಣಿ ಇಡಬೇಕು. ಹರಾಜಿನಿಂದ ಹಿತಕ್ಕೆ ಧಕ್ಕೆಯಾದ ಬೇರೆಯವರಿಗೆ ಆ ಷರತ್ತಿಲ್ಲ. ಅದಕ್ಕೇ ಅರ್ಜಿ ಅಪ್ಪನ ಹೆಸರಲ್ಲಿ ಬರಲಿಲ್ಲ. ರೂಲ್ 11ರಲ್ಲಿ ಹರಾಜಿಗೆ ಮುಂಚೆಯೇ ತಕರಾರು ತೆಗೆಯಬಹುದಿತ್ತು, ತೆಗೆಯದೆ ಕಾದರು. ಅವರ ವಕೀಲರು ಹಣ್ಣು ಹಣ್ಣು ಮುದುಕರು. ವಾದವನ್ನೇ ಮಾಡಲಿಲ್ಲ. "ಆ ನಿರಾಕರಿಸಿದ ಲಕೋಟೆ ಒಡೆದು ನೋಡೋಣ ಸ್ವಾಮಿ" ಅಂದರು, ಅಷ್ಟೇ.

ಟಿಆರ್‌ಒ ಎದುರಿಗೇ ಕತ್ತರಿಯಲ್ಲಿ ಲಕೋಟೆಯ ಅಂಚು ಕತ್ತರಿಸಿದರು. ಒಳಗಿದ್ದದ್ದು ಒಂದೇ ಹಾಳೆ. ಐಟಿಸಿಪಿ-1 ಅಲ್ಲ, ನೆನಪೋಲೆ. "ಈಗಾಗಲೇ ಕಳುಹಿಸಿರುವ ನೋಟಿಸಿನಂತೆ ತಾವು ಹಣ ಪಾವತಿಸಿರುವುದಿಲ್ಲ" ಅಂತ ಶುರು. ಆ ಈಗಾಗಲೇ ಕಳುಹಿಸಿದ ನೋಟಿಸು ಪಕ್ಕದ ಲಕೋಟೆಯಲ್ಲೇ ಭದ್ರವಾಗಿ ಕೂತಿತ್ತು, "ಲೆಫ್ಟ್" ಅನ್ನುವ ಷರಾದ ಕೆಳಗೆ.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನ್ನ ತಪ್ಪು ಜನ ಅಂದುಕೊಳ್ಳುವ ಜಾಗದಲ್ಲಿಲ್ಲ. ಲಕೋಟೆ ಅದಲುಬದಲು ಮಾಡಿದ್ದು ತಪ್ಪಿನ ತುದಿ, ಅಷ್ಟೆ. ಬುಡ ಬೇರೆ ಕಡೆ ಇತ್ತು: ನೋಟಿಸ್ "ಕಳಿಸಿದ್ದೇವೆ" ಅನ್ನುವುದನ್ನೂ ನೋಟಿಸ್ "ಜಾರಿಯಾಗಿದೆ" ಅನ್ನುವುದನ್ನೂ ನಾನು ಒಂದೇ ಅಂದುಕೊಂಡಿದ್ದೆ. ಜನರಲ್ ಕ್ಲಾಸಸ್ ಕಾಯ್ದೆಯ ಸೆಕ್ಷನ್ 27 ಕಾಲೇಜಿನಲ್ಲಿ ಓದಿದ್ದೆ: ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರೆ ಜಾರಿಯಾದಂತೆ ಭಾವಿಸಬೇಕು. ಆದರೆ ಆ ಸೆಕ್ಷನ್ನು ಮೂರು ಕಂಬದ ಮೇಲೆ ನಿಂತಿದೆ. ವಿಳಾಸ ಸರಿಯಾಗಿರಬೇಕು, ಅಂಚೆ ಶುಲ್ಕ ಕಟ್ಟಿರಬೇಕು, ಆ ದಾಖಲೆಯೇ ಒಳಗಿರುವ ಲಕೋಟೆ ಅಂಚೆಗೆ ಬಿದ್ದಿರಬೇಕು. ಆಗಲೂ ಎದುರಿನವರು ಸುಳ್ಳೆಂದು ತೋರಿಸುವ ತನಕ ಮಾತ್ರ. "ಲೆಫ್ಟ್" ಅಂದರೆ ಆ ಮನೆ ಬಿಟ್ಟು ಹೋಗಿದ್ದಾರೆ, ಅಂದರೆ ವಿಳಾಸವೇ ತಪ್ಪು, ಮೊದಲನೇ ಕಂಬ ಬಿತ್ತು. "ರಿಫ್ಯೂಸ್ಡ್" ಲಕೋಟೆಯಲ್ಲಿ ದಾಖಲೆಯೇ ಬೇರೆ, ಮೂರನೆಯದೂ ಬಿತ್ತು. ಜಾರಿಯೇ ಆಗಿಲ್ಲ ಅಂದಮೇಲೆ ರೂಲ್ 16ಕ್ಕೆ ಹಿಡಿಯಲು ತಾರೀಖಿಲ್ಲ, ರೂಲ್ 51ಕ್ಕೆ ಹಿಂದೆ ಹೋಗಲು ನೆಲೆಯಿಲ್ಲ. ದಾನಪತ್ರ ಎದ್ದು ನಿಂತಿತು.

ಹಾಗಂತ ದಾನಪತ್ರ ಕ್ಷೇಮ ಅಂತಲೂ ಅಲ್ಲ. ತೆರಿಗೆ ವಿಚಾರಣೆ ನಡೆಯುವಾಗ, ಅಥವಾ ಅದು ಮುಗಿದ ಮೇಲೂ ರೂಲ್ 2ರ ನೋಟಿಸ್ ಜಾರಿಯಾಗುವ ಮುಂಚೆ ಮಾಡಿದ ವರ್ಗಾವಣೆಯನ್ನು ಅಸಿಂಧು ಅನ್ನುವ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 281 ಇದೆ. ತಕ್ಕ ಬೆಲೆ ಕೊಟ್ಟು, ಬಾಕಿಯ ವಿಷಯ ಗೊತ್ತಿಲ್ಲದೆ ಕೊಂಡವರು ಬಚಾವು; ಮಗನಿಗೆ ಪುಕ್ಕಟೆ ಕೊಟ್ಟದ್ದಕ್ಕೆ ಆ ರಕ್ಷಣೆ ಸಿಗುವುದಿಲ್ಲ. ತೊಡಕು ಏನೆಂದರೆ ಹಾಗಂತ ಟಿಆರ್‌ಒ ತಾನೇ ಘೋಷಿಸುವಂತಿಲ್ಲ, ಇಲಾಖೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು ಅಂತ 1998ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಸಾಲು ಸರಿಯಾಗಿ ತುಂಬಿದ್ದರೆ, ಹೊಸ ವಿಳಾಸಕ್ಕೆ ಐಟಿಸಿಪಿ-1 ಮತ್ತೆ ಹೋಗಬೇಕು ಅಂತ ಅವತ್ತೇ ಕಾಣುತ್ತಿತ್ತು. ದಾನಪತ್ರಕ್ಕೆ ಆರು ವಾರ ಬಾಕಿ ಇತ್ತು, ಒಂದು ವಾರ ಸಾಕಾಗುತ್ತಿತ್ತು. ಅದರ ಬದಲಿಗೆ ಹರಾಜು ರದ್ದಾಯಿತು, ಕೊಂಡವರಿಗೆ ಹಣ ಬಡ್ಡಿ ಸಮೇತ ವಾಪಸ್ ಹೋಯಿತು, ಇಲಾಖೆ ಸಿವಿಲ್ ದಾವೆಯ ಬಾಗಿಲಲ್ಲಿ ಹೋಗಿ ನಿಂತಿತು.

ಈಗ ಹೇಳಿ, ಅದು ಗುಮಾಸ್ತಿಕೆಯಾ? ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಟೈಪ್ ಮಾಡುವುದು ಒಂದು ಕಡೆ, ಕಾನೂನು ಇನ್ನೊಂದು ಕಡೆ ಅನ್ನುವ ಹಾಗೆ ಬರೆದಿದ್ದೀರಿ. ವಸೂಲಿಯಲ್ಲಿ ಕಾನೂನು ಇರುವುದೇ ರವಾನೆ ಪುಸ್ತಕದಲ್ಲಿ, ಅಂಚೆ ರಸೀದಿಯಲ್ಲಿ, ಮಹಜರಿನ ಕೊನೆಯ ಸಾಲಿನಲ್ಲಿ. ಬಾಕಿ ಎಷ್ಟು, ಸರಿಯೋ ತಪ್ಪೋ ಅನ್ನುವ ಜಗಳ ನಿಮ್ಮ ಮೇಜಿಗೆ ಬರುವ ಹೊತ್ತಿಗೆ ಮುಗಿದಿರುತ್ತೆ. ಸರ್ಟಿಫಿಕೇಟ್ ಸರಿಯಿಲ್ಲ ಅಂತ ಟಿಆರ್‌ಒ ಎದುರು ವಾದಿಸಲು ಬಾಕಿದಾರನಿಗೆ ಅವಕಾಶವೇ ಇಲ್ಲ. ಎದುರಿನ ವಕೀಲರಿಗೆ ಉಳಿಯುವ ಕಿಂಡಿ ವಿಧಾನದ ಲೋಪ ಒಂದೇ.

ಹಾಗಾಗಿ ಸೇರಿದ ಮೊದಲ ವಾರವೇ ಲಕೋಟೆ ಓದಲು ಕಲಿಯಿರಿ. "ರಿಫ್ಯೂಸ್ಡ್" ಇದ್ದು ವಿಳಾಸ ಸರಿಯಿದ್ದರೆ ಜಾರಿ ಅಂತ ವಾದಿಸಬಹುದು. "ಡೋರ್ ಲಾಕ್ಡ್" ಇದ್ದರೆ ಪೋಸ್ಟ್‌ಮ್ಯಾನ್ ಎಷ್ಟು ಸಲ ಹೋದರು, ಯಾವ ಯಾವ ತಾರೀಖು ಅಂತ ಲಕೋಟೆಯ ಹಿಂದೆ ನೋಡಿ. ಒಂದೇ ತಾರೀಖಿದ್ದರೆ ಅದನ್ನು ನೆಚ್ಚಬೇಡಿ. "ಅನ್‌ಕ್ಲೇಮ್ಡ್" ಅಂದರೆ ಚೀಟಿ ಬಿಟ್ಟು ಬಂದರೂ ಅಂಚೆ ಕಚೇರಿಗೆ ಬಂದು ತೆಗೆದುಕೊಂಡಿಲ್ಲ, ಇದಕ್ಕೆ ಬಲ ಇದೆ. "ಲೆಫ್ಟ್", "ವಿಳಾಸ ಸಾಲದು" ಎರಡೂ ಸೊನ್ನೆ. "ಮೃತ" ಅಂತ ಬಂದರೆ ಎಲ್ಲ ನಿಲ್ಲಿಸಿ; ಸತ್ತವರ ಹೆಸರಿನ ನೋಟಿಸ್ ಎಷ್ಟು ಸಲ ಕಳಿಸಿದರೂ ನೋಟಿಸಲ್ಲ. ವಾರಸುದಾರರನ್ನು ಪತ್ತೆ ಮಾಡಿ ಅವರಿಗೆ ಕೊಡಬೇಕು. ಅವರ ಹೊಣೆಯೂ ಸತ್ತವರಿಂದ ಬಂದ ಆಸ್ತಿಯಷ್ಟಕ್ಕೇ.

ವಾಪಸ್ ಬಂದ ಲಕೋಟೆಯನ್ನು ಯಾವತ್ತೂ ಒಡೆಯಬೇಡಿ. ಒಳಗೇನಿದೆ ಅನ್ನುವುದಕ್ಕೆ ಮುಚ್ಚಿದ ಲಕೋಟೆಯೇ ಸಾಕ್ಷಿ, ಒಡೆದರೆ ಆ ಸಾಕ್ಷಿ ಹೋಯಿತು. ಹಾಗಾದರೆ ಒಡೆಯದೆ ತಿಳಿಯುವುದು ಹೇಗೆ? ಕಳಿಸುವ ದಿನವೇ ಬರೆದಿಡಬೇಕು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು; ಲಕೋಟೆಯ ಮೇಲೆ 13 ಅಕ್ಷರದ ನಂಬರಿರುತ್ತೆ, ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್. ಆ ನಂಬರನ್ನು ಕಚೇರಿ ಪ್ರತಿಯ ಎಡ ಅಂಚಿನಲ್ಲಿ ಪೆನ್ನಿನಲ್ಲಿ ಬರೆಯಿರಿ, ರವಾನೆ ಪುಸ್ತಕದಲ್ಲಿ ಪತ್ರದ ಹೆಸರಿನ ಎದುರು ಬರೆಯಿರಿ, ಅಂಚೆ ರಸೀದಿಯನ್ನು ಆ ಕಚೇರಿ ಪ್ರತಿಗೇ ಅಂಟಿಸಿ. ಪಿನ್ ಹಾಕಬೇಡಿ, ಪಿನ್ ತುಕ್ಕು ಹಿಡಿದು ರಸೀದಿ ಕಿತ್ತು ಬರುತ್ತೆ. ಥರ್ಮಲ್ ಕಾಗದದ ರಸೀದಿಯ ಅಕ್ಷರ ವರ್ಷ ಕಳೆಯುವುದರೊಳಗೆ ಮಾಸುತ್ತೆ, ಅವತ್ತೇ ಒಂದು ಜೆರಾಕ್ಸ್ ಮಾಡಿಡಿ. ಅಂಚೆ ಇಲಾಖೆಯ ಟ್ರ್ಯಾಕಿಂಗ್ ವಿವರವೂ ಶಾಶ್ವತವಾಗಿ ಇರುವುದಿಲ್ಲ, ತಲುಪಿದ ವಾರವೇ ಪ್ರಿಂಟ್ ತೆಗೆಯಿರಿ. ಅದು ಎಲೆಕ್ಟ್ರಾನಿಕ್ ದಾಖಲೆ, ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಕೇಳುತ್ತಾರೆ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಜಾಗದಲ್ಲಿ 2024ರ ಜುಲೈಯಿಂದ ಬಂದದ್ದು ಅದು.

ಅಂಚೆ ಕೈಕೊಟ್ಟರೆ ಮನೆಗೇ ಹೋಗಬೇಕು. ಸಿವಿಲ್ ಪ್ರೊಸೀಜರ್ ಕೋಡಿನ (ಸಿಪಿಸಿ) ಆರ್ಡರ್ 5 ಇಲ್ಲಿಗೂ ಅನ್ವಯ. ಮನೆಯ ವಯಸ್ಕರು ಯಾರು ತೆಗೆದುಕೊಂಡರೂ ಆಗುತ್ತೆ, ಗಂಡಸರೇ ಆಗಬೇಕೆಂದಿಲ್ಲ. ಆದರೆ ಮನೆಗೆಲಸದವರು ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲ, ಅವರ ಸಹಿ ಹಾಕಿಸಿಕೊಂಡು ಬಂದು ಜಾರಿ ಅಂತ ಬರೆದ ಎಷ್ಟೋ ಹಾಳೆ ನೋಡಿದ್ದೇನೆ. ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಬಹುದು, ಹುಡುಕಿದ್ದು ನಿಜ ಅಂತ ತೋರಿಸಬೇಕು. ಒಂದೇ ದಿನ ಮಧ್ಯಾಹ್ನ ಹೋಗಿ ಅಂಟಿಸಿ ಬಂದರೆ ನಿಲ್ಲುವುದಿಲ್ಲ. ಮಹಜರಿನಲ್ಲಿ ಮನೆ ಗುರುತು ತೋರಿಸಿದವರು ಯಾರು, ಯಾರ ಎದುರು ಅಂಟಿಸಿದ್ದು, ಅವರ ಪೂರ್ತಿ ವಿಳಾಸ, ಹೊತ್ತು, ಇಷ್ಟೂ ಬೇಕು. "ಪಂಚರ ಸಮಕ್ಷಮ" ಅಂತ ಬರೆದು ಪಂಚರ ಹೆಸರೇ ಇಲ್ಲದ ಮಹಜರು ಹರಿದು ಹಾಕಲಿಕ್ಕೆ ಲಾಯಕ್ಕು. ವಿಳಾಸ ಹುಡುಕಲು ಪ್ಯಾನ್ ದಾಖಲೆ, ಕೊನೆಯ ರಿಟರ್ನ್, ಬ್ಯಾಂಕಿನ ಕೆವೈಸಿ, ಮೂರನ್ನೂ ನೋಡಿ. ಬೇರೆ ಬೇರೆ ಇದ್ದರೆ ಮೂರಕ್ಕೂ ಕಳಿಸಿ. ನಮ್ಮ ಫೈಲಿನ ಹೊಸ ವಿಳಾಸ ಬ್ಯಾಂಕಿನವರ ಹತ್ತಿರ ಮೊದಲಿಂದಲೂ ಇತ್ತು.

ಜಮೀನಾದರೆ ಇನ್ನೊಂದು ಪದರ. ಪಹಣಿ, ಮ್ಯುಟೇಶನ್, ಇಸಿ ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಪಹಣಿಯ 9ನೇ ಕಲಂನಲ್ಲಿ ಮಾಲೀಕರ ಹೆಸರು ನೋಡಿ ಎದ್ದುಬಿಡಬೇಡಿ. ಪೋಡಿ ಆಗಿ, ಅಂದರೆ ಸರ್ವೆ ನಂಬರ್ ತುಂಡಾಗಿ, ಹಿಸ್ಸಾ ನಂಬರ್ ಬದಲಾಗಿದ್ದರೆ ಹಳೆಯ ನಂಬರಿಗೆ ಹೊರಡಿಸಿದ ಜಪ್ತಿ ಯಾರದೋ ಜಮೀನಿನ ಮೇಲೆ ಕೂರುತ್ತೆ. ಮಂಜೂರಾದ ಜಮೀನಾದರೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಗೆ ಒಳಪಡುತ್ತೋ ನೋಡಿ. 1978ರ ಆ ಕಾಯ್ದೆಯನ್ನು ಹರಾಜಿನ ದಿನ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಜಪ್ತಿ ಆದೇಶದ ಪ್ರತಿ ಬಾಕಿದಾರನಿಗೆ, ಸಬ್ ರಿಜಿಸ್ಟ್ರಾರ್‌ಗೆ, ತಹಶೀಲ್ದಾರ್‌ಗೆ. 11ನೇ ಕಲಂನಲ್ಲಿ ಋಣ ನಮೂದಾಯಿತೇ ಅಂತ ಹೊಸ ಪಹಣಿ ತೆಗೆಸಿ ಫೈಲಿಗೆ ಹಾಕುವ ತನಕ ಆ ಕೆಲಸ ಮುಗಿದಿಲ್ಲ. ತಮಟೆ ಸಾರಿದ್ದಕ್ಕೂ ದಾಖಲೆ ಬೇಕು: ಬಾರಿಸಿದವರ ಹೆಸರು, ಕೊಟ್ಟ ಕೂಲಿ, ಸಹಿ ಅಥವಾ ಹೆಬ್ಬೆಟ್ಟು. ಆಸ್ತಿಯ ಮೇಲೆ, ಕಚೇರಿ ಬೋರ್ಡಿನ ಮೇಲೆ ಹರಾಜು ಪ್ರಕಟಣೆ ಅಂಟಿಸಿದ ತಾರೀಖುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ 30 ದಿನ ಎಣಿಸಿ. ಮೊದಲನೆಯದರಿಂದ ಎಣಿಸಿ 28ನೇ ದಿನ ಹರಾಜಿಟ್ಟವರನ್ನು ಬಲ್ಲೆ.

ಬ್ಯಾಂಕ್ ಖಾತೆ ಹಿಡಿಯುವುದು ಇದರ ಮುಂದೆ ಸಲೀಸು. ಸೆಕ್ಷನ್ 226(3)ರ ನೋಟಿಸ್ ಬ್ಯಾಂಕಿಗೆ, ಪ್ರತಿ ಬಾಕಿದಾರನಿಗೆ. ಜಂಟಿ ಖಾತೆಯಾದರೆ ಬೇರೆ ಪುರಾವೆ ಬರುವ ತನಕ ಪಾಲು ಸಮ ಅಂತ ಹಿಡಿಯಬೇಕು. ಪೂರ್ತಿ ಬಾಚಿಕೊಂಡರೆ ಹೆಂಡತಿಯ ಅರ್ಜಿ ಗ್ಯಾರಂಟಿ.

ವಸೂಲಿ ಅಂದರೆ ಬಡವರ ಪಾತ್ರೆಪಗಡ ಹೊರಗೆಸೆಯುವುದು ಅನ್ನುವ ಅಳುಕನ್ನೂ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಅಡಿಗೆ ಪಾತ್ರೆ, ಹಾಸಿಗೆ, ತಾಳಿ, ಕಸುಬಿನ ಹತಾರ, ರೈತನ ಎತ್ತು, ಬಿತ್ತನೆ ಬೀಜ, ಅವನು ವಾಸವಿರುವ ಮನೆ, ಇವನ್ನು ಮುಟ್ಟುವ ಹಾಗಿಲ್ಲ, ಸಿಪಿಸಿ ಸೆಕ್ಷನ್ 60 ನೋಡಿ. ಸೂರ್ಯ ಮುಳುಗಿದ ಮೇಲೆ ಚರಾಸ್ತಿ ಜಪ್ತಿ ಇಲ್ಲ. ಹೆಂಗಸರನ್ನು ಬಾಕಿಗಾಗಿ ಬಂಧಿಸುವಂತಿಲ್ಲ; ಗಂಡಸರಿಗಾದರೂ ಸಾಮಾನ್ಯವಾಗಿ ಮೊದಲು ಕಾರಣ ಕೇಳುವ ನೋಟಿಸ್ ಕೊಡಬೇಕು. ಇದನ್ನೆಲ್ಲ ಸ್ಥಳದಲ್ಲಿ ನಿಂತು "ಸಾರ್, ಇದು ಬರಲ್ಲ" ಅಂತ ಹೇಳುವುದೂ ಕಾನೂನು ಸಹಾಯಕರ ಕೆಲಸ. ಹೇಳಿದ್ದನ್ನು ಟಿಪ್ಪಣಿಯಲ್ಲಿ ಬರೆದೂ ಇಡಿ.

ಇನ್ನು ಜೂನಿಯರ್ ಆಗಬೇಕೋ ಇಲ್ಲಿಗೆ ಬರಬೇಕೋ ಅನ್ನುವುದು. ವಕೀಲಿಕೆಯ ಸನ್ನದು ತೆಗೆದುಕೊಂಡಿದ್ದರೆ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರುವಾಗ ಬಾರ್ ಕೌನ್ಸಿಲಿಗೆ ತಿಳಿಸಿ ವಕಾಲತ್ತು ನಿಲ್ಲಿಸಬೇಕಾಗುತ್ತೆ, ಬಾರ್ ಕೌನ್ಸಿಲ್ ನಿಯಮಗಳ ರೂಲ್ 49. ಸಿವಿಲ್ ಜಡ್ಜ್ ಪರೀಕ್ಷೆಯ ಆಸೆ ಇದ್ದರೆ ಇದು ಮುಖ್ಯ: 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 3 ವರ್ಷದ ವಕಾಲತ್ತಿನ ಷರತ್ತನ್ನು ಮತ್ತೆ ತಂದಿದೆ. ಆ ಆಸೆ ಇದ್ದರೆ ಜೂನಿಯರ್ ಆಗಿ, ಮಾತು ಮುಗಿಯಿತು. ಇಲ್ಲದಿದ್ದರೆ ಇಲ್ಲಿಗೇ ಬನ್ನಿ ಅಂತ ನಾನು ಹೇಳುವುದು. ಎರಡು ವರ್ಷ ಇಲ್ಲಿ ಜಾರಿ, ಜಪ್ತಿ, ಹರಾಜು ಮಾಡಿಸಿದವರಿಗೆ ಕೋರ್ಟಿನ ಡಿಕ್ರಿ ಜಾರಿಗೆ ತರಿಸುವ ಅಮಲ್ಜಾರಿ ಅರ್ಜಿಯಲ್ಲಿ ಯಾರೂ ಹೊಸದಾಗಿ ಏನೂ ಕಲಿಸಬೇಕಾಗಿಲ್ಲ. ಒಂದು ಎಚ್ಚರ: 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಮೇಲೆ ಬರೆದ ನಂಬರೆಲ್ಲ 1961ರವು. ಕರಡು ಬರೆಯುವಾಗ ಯಾವ ಕಾಯ್ದೆಯ ಕಾಲದ ಬಾಕಿ ಅಂತ ಮೊದಲು ನೋಡಿ, ಹಳೆಯ ಫೈಲಿನ ಒಕ್ಕಣೆ ನಕಲು ಮಾಡಬೇಡಿ.

ಸಂದರ್ಶನದಲ್ಲಿ ಸಂಬಳ ಕೇಳಿದ ಮೇಲೆ ಇನ್ನೆರಡು ಕೇಳಿ: ರವಾನೆ ಪುಸ್ತಕ ಯಾರ ಸುಪರ್ದಿಯಲ್ಲಿದೆ, ವಾಪಸ್ ಬಂದ ಲಕೋಟೆ ನೇರ ಫೈಲಿಗೆ ಬರುತ್ತೋ ಅಥವಾ ಟಪಾಲು ಸೆಕ್ಷನ್ನಿನ ಬುಟ್ಟಿಯಲ್ಲಿ ಕೂರುತ್ತೋ. ಬುಟ್ಟಿ ಅಂದರೆ, ಸೇರಿದ ದಿನ ಮೊದಲು ಆ ಬುಟ್ಟಿ ಸುರಿದುಕೊಂಡು ಕೂತುಕೊಳ್ಳಿ.